ಏನೂ ಇಲ್ಲದ ನೀರು

ಗಂಟಿನ ಕೆಳಗೆ ಕೊಯ್ಯಬೇಕು, ಒಂದು ಬೆರಳು ಬಿಟ್ಟು.
ಬಂದಗಿಸಾಬರು ನಿವೃತ್ತಿಯ ದಿನ ಕೊಟ್ಟದ್ದು ಇಷ್ಟೇ:
ಒಂದು ಗೇಣು ಮನಿಪ್ಲಾಂಟು,
ಮೂತಿ ಒಡೆದ ಒಂದು ಬೀಕರು, ಎರಡು ಮಾತು.
"ಎಲಿ ಮುಳುಗಬಾರದು, ಗಂಟು ಮುಳುಗಬೇಕು.
ಉಳಿದದ್ದು ಅದಕ್ಕ ಗೊತ್ತೈತಿ."

ನನಗೂ ಗೊತ್ತು ಅಂದುಕೊಂಡೆ.
ಹನ್ನೊಂದು ವರ್ಷದಿಂದ ಶಕ್ತಿನಗರದ ಲ್ಯಾಬಿನಲ್ಲಿ
ನೀರೇ ನನ್ನ ಕೆಲಸ.
ಕೆಸರಾಗಿ ಒಳಗೆ ಬರುತ್ತಾಳೆ ಕೃಷ್ಣೆ.
ಮರಳು ಮೊದಲು, ಆಮೇಲೆ ಮಣ್ಣು,
ಸುಣ್ಣ, ಉಪ್ಪು, ಕಣ್ಣಿಗೆ ಕಾಣದ ಸಿಲಿಕಾ,
ಒಂದೊಂದೇ ಕಳಚಿ ಕಳಚಿ
ಊರು ಮರೆತ ನೀರು ಬಾಯ್ಲರಿಗೆ ಹೋಗುತ್ತದೆ.
ಮೀಟರು ಸೊನ್ನೆಯ ಪಕ್ಕ ಬಂದು ಕೂತಾಗ
ಶುದ್ಧ ಎಂದು ಬರೆದು ಸಹಿ ಮಾಡುವವಳು ನಾನು.
ಆ ಸಹಿ ನೋಡಿದ್ದರೆ
ನಮ್ಮೂರ ಬಾವಿಕಟ್ಟೆ ಏನನ್ನುತ್ತಿತ್ತೋ.

ಆ ನೀರನ್ನೇ ತಂದೆ ಮನೆಗೆ,
ಊಟದ ಡಬ್ಬಿಯ ಚೀಲದಲ್ಲಿ ಅರ್ಧ ಲೀಟರು,
ಗೇಟಿನವನ ಕಣ್ಣು ತಪ್ಪಿಸಿ.
ಇದಕ್ಕಿಂತ ಒಳ್ಳೆ ನೀರು ಜಿಲ್ಲೆಯಲ್ಲೇ ಇಲ್ಲ, ತಗೋ.
ಬೀಕರಿಗೆ ಚೀಟಿ ಅಂಟಿಸಿದೆ, ತಾರೀಖು ಬರೆದೆ.
ಇಪ್ಪತ್ತನೆಯ ದಿನ ಎಲೆ
ಜ್ವರ ಬಿಟ್ಟ ಮಗುವಿನ ಬಣ್ಣ.
ಬೇರು ಬಂದಿತ್ತು, ಒಂದೇ ಒಂದು, ದಾರದೆಳೆಯಷ್ಟು,
ಏನೋ ತಡಕಿ, ಸಿಗದೆ, ನಿಂತುಬಿಟ್ಟಿತ್ತು.

ಫೋನಿನಲ್ಲಿ ಬಂದಗಿಸಾಬರು ಕೆಮ್ಮು ಬರುವ ತನಕ ನಕ್ಕರು.
"ಅದು ಹಸಿದ ನೀರು ತಾಯಿ.
ಕಬ್ಬಿಣದ ಪೈಪಿಗೇ ಬಾಯಿ ಹಾಕತೈತಿ,
ಗಿಡಕ್ಕೇನು ಕೊಟ್ಟೀತು?
ಅದ್ರಾಗ ಏನೂ ಇಲ್ಲಂತ ನೀನೇ ಬರೀತಿಯಲ್ಲ ದಿನಾ."

ಬೋರಿನ ನೀರು ಹಾಕಿದೆ. ಗಾಜಿಗೆ ಬಿಳಿ ಪೊರೆ ಕಟ್ಟಿತು,
ಎಲೆಯ ತುದಿ ಸುಟ್ಟಿತು.
ಈಗ ನನ್ನದೇ ಲೆಕ್ಕ:
ಬ್ಲೀಚಿಂಗ್ ವಾಸನೆ ಹೋಗಲೆಂದು
ಬಾಯಿ ತೆರೆದ ಕೊಡದಲ್ಲಿ ಒಂದು ರಾತ್ರಿ ಕಳೆದ ನಲ್ಲಿ ನೀರು,
ಬೋರಿನದು ಒಂದು ಲೋಟ,
ಪಕ್ಕದ ಮನೆಯ ಮೀನಿನ ತೊಟ್ಟಿಯಿಂದ ನಾಲ್ಕು ಚಮಚ.
ಮೀನಿಗೆ ಬೇಡವಾದದ್ದು ಗಿಡಕ್ಕೆ ಹಬ್ಬ.
ಬಿಸಿಲು ಬಿದ್ದರೆ ಪಾಚಿ, ಅದಕ್ಕೇ ಬೀಕರಿಗೆ
ಹಳೆಯ ಗ್ರಾಫ್ ಹಾಳೆಯ ಅಂಗಿ.
ಶನಿವಾರ ನೀರು ಬದಲು. ಬೇರಿನ ಲೋಳೆಯನ್ನು
ಹಸಿ ಶಾವಿಗೆ ಬಿಡಿಸಿದ ಹಾಗೆ
ಎಳೆ ಮುರಿಯದಂತೆ ತೊಳೆಯಬೇಕು.
ಆಮೇಲೆ ಎಲೆಯ ಮೇಲಿನ ಬೂದಿ.
ಚಿಮಣಿ ಯಾರಿಗೂ ಕಡಿಮೆ ಮಾಡುವುದಿಲ್ಲ:
ಹಪ್ಪಳಕ್ಕೆ, ಒಗೆದ ಸೀರೆಗೆ, ಮನಿಪ್ಲಾಂಟಿಗೆ.

ಶ್ರಾವಣದಲ್ಲಿ ಹುಲಿಗೆಮ್ಮ ಬಂದಳು,
ಆಶಾ ಸೀರೆ, ಕೈಯಲ್ಲಿ ಟಾರ್ಚು, ಡೆಂಗಿ ಸರ್ವೇ.
ಡ್ರಮ್ಮು ನೋಡಿದಳು, ಕೂಲರು ಬಗ್ಗಿ ನೋಡಿದಳು,
ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ನೋಡಿದಳು.
ಬೀಕರಿನ ಮುಂದೆ ನಿಂತಳು.
"ನಿಂತ ನೀರು ಚೆಲ್ಲಬೇಕ್ರಿ."
"ಶನಿವಾರ ಚೆಲ್ತೀನಿ."
"ಇವತ್ತು ಬುಧವಾರ."
ಬಾಯಿಗೆ ತುರುಕಿದ್ದ ಹತ್ತಿ ತೋರಿಸಿದೆ.
ಹತ್ತಿ ತೆಗೆದಳು, ಕಾಗದದ ಅಂಗಿ ಇಳಿಸಿದಳು,
ಟಾರ್ಚು ಬಿಟ್ಟಳು.
ಹುಳ ಇರಲಿಲ್ಲ. ಬೇರಿದ್ದವು,
ಒಂದರೊಳಗೊಂದು ಸುತ್ತಿಕೊಂಡು,
ಯಾರೋ ದೀಪ ಹಾಕಿದರೆಂದು ಎದ್ದು ಕೂತವರ ಹಾಗೆ.
ಬಹಳ ಹೊತ್ತು ಟಾರ್ಚು ಆರಿಸಲಿಲ್ಲ ಹುಲಿಗೆಮ್ಮ.
ಪುಸ್ತಕದಲ್ಲಿ "ಏನೂ ಇಲ್ಲ" ಎಂದು ಬರೆದುಕೊಂಡಳು.
ಬಾಗಿಲಿಗೆ ಹೋದವಳು ತಿರುಗಿ,
"ಒಂದು ಗಂಟು ಕೊಡ್ತೀರೇನ್ರಿ?"

ನಿನ್ನೆ ರಾತ್ರಿ ಪಾಳಿ. ಮೂರು ಗಂಟೆಯ ಸ್ಯಾಂಪಲ್ಲು.
ಬೆರಳ ತುದಿ ತಾಗಿತು. ತಾಗಿಸಿದೆನೇನೋ.
ಮೀಟರು ಸೊನ್ನೆ ಬಿಟ್ಟು ಎದ್ದಿತು,
ಏರುತ್ತಲೇ ಹೋಯಿತು:
ಬಸ್ಸಿನ ಕಂಬಿ, ಜೋಳದ ರೊಟ್ಟಿ, ಬೆವರು,
ನನ್ನಲ್ಲಿ ಇಷ್ಟೊಂದು ಇದೆಯೆಂದು
ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಕೆಟ್ಟ ಸ್ಯಾಂಪಲ್ಲು ಸಿಂಕಿಗೆ ಚೆಲ್ಲಬೇಕು, ಅದು ನಿಯಮ.
ಬೇರೆ ಹಿಡಿದೆ, ಬರೆದೆ, ಸಹಿ ಹಾಕಿದೆ.
ಕೆಟ್ಟದ್ದನ್ನು ಬಾಟಲಿಗೆ ಸುರಿದುಕೊಂಡೆ.
ಶನಿವಾರಕ್ಕೆ ಇನ್ನೂ ಎರಡು ದಿನ.