ಎಡಸುತ್ತು

ಮೊದಲು ಕೇಳಿಸಿಕೊಳ್ಳಬೇಕು ಅನ್ನುತ್ತಾಳೆ ಬ್ರೀಷಾ,
ಸ್ಪ್ಯಾನರ್ ಹಾಕುವ ಮುಂಚೆ ಸುತ್ತಿಗೆಯ ಹಿಡಿಯಿಂದ
ಕ್ಯಾಲಿಪರಿನ ಬೆನ್ನು ತಟ್ಟಿ.

ಪೀಲ್ ಬಂದರಿನ ಹಿಂಬದಿಯ ಈ ಶೆಡ್ಡಿನಲ್ಲಿ
ಎಲ್ಲಕ್ಕೂ ಎರಡು ವಾಸನೆ: ಬ್ರೇಕ್ ಎಣ್ಣೆಯದು ಒಂದು,
ಗೋಡೆಯಾಚೆ ಹೊಗೆಯಲ್ಲಿ ನೇತುಬಿದ್ದ ಹೆರಿಂಗ್ ಮೀನಿನದು ಇನ್ನೊಂದು.
ಐರಿಶ್ ಸಮುದ್ರ ಈ ದ್ವೀಪದ ಬೈಕುಗಳನ್ನೆಲ್ಲ
ಉಪ್ಪಿನಕಾಯಿ ಹಾಕಿಟ್ಟಿದೆ.

ಎಪ್ಪತ್ತೆರಡರ ನಾರ್ಟನ್. ಹದಿನೇಳು ವರ್ಷ
ಕೋಳಿಗೂಡಿನಲ್ಲಿ ನಿಂತಿತ್ತು.
ಸೀಳುಪಿನ್ನುಗಳು ಬಂದವು, ಕಾಲು ಮುರಿದುಕೊಂಡು.
ಪ್ಯಾಡುಗಳು ಬಂದವು. ಒಂದು ಪಿಸ್ಟನ್ನು ಗಾಳಿಯ ಒತ್ತಡಕ್ಕೆ
ಚಿಂದಿಬಟ್ಟೆಯೊಳಗೆ ಠಪ್ಪೆಂದು ಹಾರಿಬಿತ್ತು,
ಇನ್ನೊಂದು ಎರಡು ದಿನ ಮುನಿಸಿಕೊಂಡು ಆಮೇಲೆ ಬಂತು.
ರಬ್ಬರ್ ಉಂಗುರಗಳನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿದ್ದು ನಾನು.
ಉಳಿದದ್ದು ಒಂದೇ, ಗಾಳಿ ಬಿಡುವ ತಿರುಪು,
ಕಿರುಬೆರಳಿನ ಉಗುರಿನಷ್ಟು.

ಅದಕ್ಕೆ ಏನೇನು ಮಾಡಲಿಲ್ಲ!
ರಾತ್ರಿಯಿಡೀ ಎಣ್ಣೆ ಕುಡಿಸಿದಳು.
ಜ್ವಾಲೆ ತೋರಿದಳು, ಬಿಸಿಗೆ ಮೇಣದಬತ್ತಿ ಮುಟ್ಟಿಸಿದಳು,
ಮೇಣ ಎಳೆಗಳ ಸಂದಿಗೆ ಇಳಿಯಲಿ ಎಂದು.
ಬಿಚ್ಚುವ ಮುಂಚೆ ಕೂದಲೆಳೆಯಷ್ಟು ಬಿಗಿ ಮಾಡು,
ಅಂದಳು, ಹಟಮಾರಿಗೆ ಮೊದಲು ಹೂಂ ಅನ್ನಬೇಕು.
ಹೂಂ ಅಂದೆವು.
ಅದು ಕುತ್ತಿಗೆ ಮುರಿದುಕೊಂಡಿತು.

ಠಕ್ ಅಂತ ಕೂಡ ಅಲ್ಲ. ಬಿಸ್ಕತ್ತು ಮುರಿದ ಹಾಗೆ.
ತಲೆ ಸ್ಪ್ಯಾನರಿನಲ್ಲಿ, ಮುಂಡ ಒಳಗೆ.

ಬ್ರೀಷಾ ಬಯ್ಯಲಿಲ್ಲ. ತಲೆಯನ್ನು ಅಂಗೈಯಲ್ಲಿಟ್ಟು
ದೀಪದಡಿ ತಿರುಗಿಸಿದಳು. ತೂತಿನಲ್ಲಿ
ಮೊಂಡು ಬೆಂಕಿಕಡ್ಡಿ, ಧೂಳು ಹೋಗದಿರಲೆಂದು ಯಾರೋ ತುರುಕಿದ್ದು.
ಯಾರೋ ಏನು. ಈ ದ್ವೀಪದಲ್ಲಿ ರಬ್ಬರ್ ಟೊಪ್ಪಿಯ ಬದಲು
ಬೆಂಕಿಕಡ್ಡಿ ತುರುಕುವವನು ಒಬ್ಬನೇ,
ತಿರುಪನ್ನು ಅದರ ಜನ್ಮಕ್ಕಾಗುವಷ್ಟು ಬಿಗಿಯುವವನೂ ಅವನೇ:
ಫಿನ್‌ಲೋ ಸ್ಕಿಲ್ಲಿಕಾರ್ನ್, ಇವಳಿಗೆ ಕೆಲಸ ಕಲಿಸಿದವನು,
ಹನ್ನೊಂದು ವರ್ಷದಿಂದ ಮಾತು ಬಿಟ್ಟವನು.
ಯಾತಕ್ಕೆ ಎಂದು ಒಮ್ಮೆ ಕೇಳಿದ್ದೆ.
ಒಂದು ಟಾರ್ಕ್ ವ್ರೆಂಚಿಗೆ, ಅಂದಿದ್ದಳು. ನಾನು ನಕ್ಕೆ,
ಅವಳು ನಗಲಿಲ್ಲ.

ತಲೆಯನ್ನು ಲಕೋಟೆಯೊಳಗೆ ಹಾಕಿ ನನ್ನ ಕೈಗೆ ಕೊಟ್ಟಳು.
ಗುಡ್ಡ ಹತ್ತಿದೆ. ಮನೆಚಪ್ಪಲಿಯಲ್ಲೇ ಬಾಗಿಲಿಗೆ ಬಂದ ಮುದುಕ
ಲಕೋಟೆ ಬಗ್ಗಿಸಿ, ಬಿದ್ದದ್ದನ್ನು ನೋಡಿ,
"ಬಿಸಿ ಕಡಿಮೆ ಕೊಟ್ಟಿದ್ದಾಳೆ" ಅಂದ.
ನಾನು ಸುಮ್ಮನಿದ್ದೆ.
"ಬಿಸಿ ಕಡಿಮೆ" ಅಂದ ಮತ್ತೆ, ತನಗೇ ಎಂಬಂತೆ,
ಬಾಗಿಲು ಹಾಕಿಕೊಂಡ.

ಬೆಳಿಗ್ಗೆ ಶೆಡ್ಡಿನ ಕಿಟಕಿಕಟ್ಟೆಯ ಮೇಲೆ
ತಂಬಾಕಿನ ಹಳೇ ಡಬ್ಬಿ. ಒಳಗೆ, ಎಣ್ಣೆಬಟ್ಟೆಯಲ್ಲಿ ಸುತ್ತಿದ
ಎಡಸುತ್ತಿನ ಬೈರಿಗೆ.
ಚೀಟಿ ಇಲ್ಲ.

ನಮ್ಮಲ್ಲಿದ್ದ ಬೈರಿಗೆಗಳೆಲ್ಲ ಬಲಕ್ಕೆ ತಿರುಗಿ ಕೊರೆಯುವಂಥವು,
ಕೊರೆಯುತ್ತ ಕೊರೆಯುತ್ತ ಸಿಕ್ಕಿಕೊಂಡದ್ದನ್ನೇ
ಇನ್ನಷ್ಟು ಬಿಗಿಯುವಂಥವು.
ಇದು ಹಿಂದಕ್ಕೆ ತಿರುಗುತ್ತ ಮುಂದಕ್ಕೆ ಇಳಿಯುತ್ತದೆ.
ಈ ಸಲ ಬ್ರೀಷಾ ಬಿಸಿ ಜಾಸ್ತಿ ಕೊಟ್ಟಳು.
ಕಂಡೆ, ಕಂಡದ್ದು ಹೇಳಲಿಲ್ಲ.
ಬೆಳ್ಳಗಿನ ಪುಡಿ ಎದ್ದಿತು, ಉಕ್ಕಿನ ಸಣ್ಣ ಸುರುಳಿ ಎದ್ದಿತು,
ಆಮೇಲೆ ಬೈರಿಗೆ ಒಮ್ಮೆ ಕಚ್ಚಿ ನಿಂತು
ಮುಂಡ ತಾನೇ ತಿರುಗತೊಡಗಿತು, ಸಾವಧಾನವಾಗಿ,
ಇಷ್ಟು ದಿನ ಯಾರೂ ಕೇಳಿರಲೇ ಇಲ್ಲವೆಂಬ ಹಾಗೆ.

ಸಂಜೆಗೆ ಹೊಸ ತಿರುಪು. ನಾನು ಲಿವರ್ ಒತ್ತುವುದು,
ಅವಳು ಗಾಳಿ ಬಿಡುವುದು; ಸಣ್ಣ ಕೊಳವೆಯಲ್ಲಿ ಗುಳ್ಳೆ, ಗುಳ್ಳೆ,
ಗುಳ್ಳೆ, ಆಮೇಲೆ ಬರೀ ಎಣ್ಣೆ.
ಕೊನೆಯ ಬಿಗಿಗೆ ಅವಳ ಮಣಿಕಟ್ಟು ನಡುವೆಯೇ ನಿಂತಿತು.
"ಇನ್ನೂ ತಿರುಗುತ್ತದೆ" ಅಂದೆ.
"ತಿರುಗುತ್ತದೆ. ಸಾಕು. ಇದನ್ನು ಬಿಚ್ಚುವವರು
ಇನ್ನೂ ಹುಟ್ಟಿಲ್ಲದಿರಬಹುದು."

ಬೈರಿಗೆಗೆ ಎಣ್ಣೆ ಸವರಿ, ಡಬ್ಬಿ ಒರೆಸಿ, ನನ್ನತ್ತ ಚಾಚಿದಳು.
ನಾನು ಕೈಯೊಡ್ಡುವಷ್ಟರಲ್ಲಿ ಹಿಂದಕ್ಕೆಳೆದುಕೊಂಡು
ಕೋಟು ಎಲ್ಲಿ ಎಂದು ಹುಡುಕತೊಡಗಿದಳು.