ಎಡಸೀಟಿನ ಬ್ರೇಕು

ಒಂದು ಮೂವತ್ತು ಹೇಳು, ಒಂದು ಹತ್ತಕ್ಕೆ ಇಳಿ,
ಎಲ್ಲರೂ ಹಾಗೇ, ಅಂದ ಮುನಾವರ್.
ಸಾಲಗಾಮೆ ರಸ್ತೆಯ ಅವನ ಗ್ಯಾರೇಜಿನಲ್ಲಿ
ಎಲ್ಲ ಗಾಡಿಗೂ ಎರಡು ರೇಟು,
ಬಾಯಿಗೊಂದು, ಜೇಬಿಗೊಂದು.

ನಾನು ಹಳೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ.
ಟೈರು ನಾಲ್ಕೂ ಹೊಸವು: ಕೂಡಿಸು.
ಕ್ಲಚ್ ಪ್ಲೇಟು ಐದನೆಯದು: ಕೂಡಿಸಲೋ, ಕಳೆಯಲೋ?
ಹನ್ನೊಂದು ವರ್ಷ, ಒಬ್ಬಳೇ ಓನರು,
ಓಡಿಸಲು ಕಲಿತವರು ಮಾತ್ರ ಹಾಸನದ ಆರುನೂರು ಮಂದಿ.
ಇದನ್ನು ಯಾವ ಸಾಲಿನಲ್ಲಿ ಬರೆಯಲಿ?

ಎಡಬಾಗಿಲಿನ ಗೀರು ಶೀಲಾವತಿ ಮೇಡಂದು.
ಆರ್‌ಟಿಓ ಮೈದಾನದಲ್ಲಿ ಎಂಟು ಹಾಕುವಾಗ
ಮೇಲಿನ ಸೊನ್ನೆ ಮುಗಿದು ಕೆಳಗಿನದಕ್ಕೆ ತಿರುಗುವಲ್ಲಿ
ಕಂಬ ಬಂತು.
ಬಂದದ್ದು ಕಂಬವೇ, ಇವತ್ತಿಗೂ ಅವರ ವಾದ.
ಮೂರು ಸಾವಿರ ಕಳೆದೆ.

ಅರಕಲಗೂಡಿನಿಂದ ದ್ಯಾವಯ್ಯ ಬಂದರು, ಹೆಂಡತಿ ಜೊತೆ.
ಬಾನೆಟ್ ಎತ್ತಿದರು, ಹೊಗೆ ನೋಡಿದರು,
ಟೈರಿಗೆ ಒದ್ದರು, ಒದೆಯಲೇಬೇಕಲ್ಲ.
ಒಂದೇ ಮಾತು ಹೇಳಿದೆ: ಒಂದು ಲಕ್ಷ ಏಳು ಸಾವಿರ.
ಗೀರು ತೋರಿಸಿದೆ. ಚಳಿಯ ಬೆಳಗಿನಲ್ಲಿ
ಎರಡನೇ ಗೇರು ಮುನಿಸಿಕೊಳ್ಳುವುದನ್ನೂ ಹೇಳಿದೆ.
ಹಿಂದೆ ನಿಂತ ಮುನಾವರ್ ಕೆಮ್ಮಿದ.

"ಇಷ್ಟು ನಿಜ ಹೇಳ್ತೀರಲ್ಲ,
ಇನ್ನೇನು ಮುಚ್ಚಿಟ್ಟಿದ್ದೀರಿ?" ಅಂದರು ದ್ಯಾವಯ್ಯ.

ಅಷ್ಟರಲ್ಲಿ ಅವರ ಹೆಂಡತಿ ಎಡಸೀಟಿನಲ್ಲಿ ಕೂತು
ಕಾಲಿಗೆ ಸಿಕ್ಕ ಬ್ರೇಕನ್ನು ಒತ್ತಿ ನೋಡುತ್ತಿದ್ದರು.
ಅದನ್ನು ಬಿಚ್ಚಿಕೊಳ್ತೀನಿ, ಹೊಸ ಕಾರಿಗೆ ಬೇಕು, ಅಂದೆ.
"ಇವರು ಓಡಿಸೋದಾದ್ರೆ ನಂಗೂ ಬೇಕು.
ಇದಕ್ಕೆಷ್ಟು?"

ಚೀಟಿ ತಿರುವಿ ನೋಡಿದೆ.
ಹನ್ನೊಂದು ವರ್ಷ ನನ್ನ ಪ್ರಾಣ ಕಾದದ್ದಕ್ಕೆ
ಎರಡೂ ಬದಿಯಲ್ಲಿ ಜಾಗ ಬಿಟ್ಟಿರಲಿಲ್ಲ.
ಮುನಾವರ್ ಅವರ ಬೆನ್ನ ಹಿಂದೆ ನಿಂತು
ಎರಡು ಬೆರಳೆತ್ತಿ ತೋರಿಸುತ್ತಲೇ ಇದ್ದ.