ಕೊಂಬಿನ ಗುಂಡಿ

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ.
ಡಂಡೀ ಊರಿನ ಈ ನೆಲಮಾಳಿಗೆಯಲ್ಲಿ
ನಾವು ಆ ಹೆಗಲನ್ನು
ತಲೆಯೊಳಗೆ ಹುಡುಕುತ್ತೇವೆ.

ನನ್ನದು ಟೋಪಿ ಹಾಕುವ ಕೆಲಸ.
ನಗಬೇಡಿ, ನಿಜವಾದ ಟೋಪಿ:
ಮೂವತ್ತೆರಡು ತೂತು,
ಒಂದೊಂದಕ್ಕೂ ಒಂದು ಹನಿ ತಣ್ಣನೆ ಲೋಳೆ.

ಬುಧವಾರ ಬಂದವಳು ಎಫೀ ಗೌರ್ಲೆ,
ಎಪ್ಪತ್ತೊಂದು ವರ್ಷ,
ಈಜುಕೊಳದ ಬಾಗಿಲಲ್ಲಿ ಟಿಕೆಟ್ ಹರಿದವಳು.
"ಕೂದಲು ನಿನ್ನೆಯಷ್ಟೇ ಸೆಟ್ ಮಾಡಿಸಿದ್ದೆ ಕಣಪ್ಪಾ" ಎಂದಳು
ಹನ್ನೆರಡು ಪೌಂಡಿನ ರಸೀದಿಗೆ ಮೊದಲೇ ರುಜು ಹಾಕಿ.

ಆಟ ಇಷ್ಟು.
ಅರ್ಧ ಜನ ಮೇಲಿನ ಕೋಣೆಯ ಮೇಜಿನಿಂದ
ಉಂಗುರವೊಂದನ್ನು ಕದಿಯಬೇಕು.
ಉಳಿದವರು ಅಲ್ಲೇ ಸುಮ್ಮನೆ ಕೂತು
ಟೇ ಸೇತುವೆಯ ಮೇಲೆ ರೈಲು ದಾಟುವುದನ್ನು ನೋಡಿ ಬರಬೇಕು.
ಯಾರು ಕಳ್ಳರು, ನನಗೆ ಹೇಳುವುದಿಲ್ಲ.

ಆಮೇಲೆ ಪರದೆ. ಉಂಗುರ, ಕೈಗಡಿಯಾರ,
ಬೀಗದ ಕೈ, ನಾಣ್ಯ, ಕನ್ನಡಕ,
ಗಂಡಸಿನ ಕೋಟಿನ ಕೊಂಬಿನ ಗುಂಡಿ,
ಹಿಂದುಮುಂದಾಗಿ, ಮೂವತ್ತು ಸಲ.
ಎಲ್ಲಕ್ಕೂ ಒಂದೇ ಉತ್ತರ: ಗೊತ್ತಿಲ್ಲ.
ಬಾಯಿ ಹಾಗನ್ನುವ ಮುಂಚೆಯೇ
ಸೆಕೆಂಡಿನ ಮೂರನೆಯ ಒಂದು ಪಾಲಿನಲ್ಲಿ
ನೆತ್ತಿ ಹೌದು ಅಂದುಬಿಟ್ಟಿರುತ್ತದೆ.
ಈ ಲ್ಯಾಬಿನ ರೂಢಿಯಲ್ಲಿ ಆ ಹೌದು ಏರುವುದಿಲ್ಲ,
ಇಳಿಯುತ್ತದೆ, ಬಟ್ಟೆ ಹರವಿದ ಹಗ್ಗದ ಹಾಗೆ.

ಎಫೀಯ ಉಂಗುರ, ಏನೂ ಇಲ್ಲ.
ಗಡಿಯಾರ, ಬೀಗದ ಕೈ, ಏನೂ ಇಲ್ಲ.
ಗುಂಡಿಗೆ ಮಾತ್ರ ಹಗ್ಗ
ಒದ್ದೆ ಕಂಬಳಿ ಹೊತ್ತಂತೆ ಜೋತುಬಿತ್ತು.
ರೆಪ್ಪೆ ಬಡಿದಳೇ? ಇಲ್ಲ.
ತಂತಿ ಸಡಿಲವೇ? ಅದೂ ಇಲ್ಲ.

ತಲೆ ತೊಳೆಸುವಾಗ ಕೇಳಬಾರದಿತ್ತು, ಕೇಳಿದೆ.
ಬೇಸಿನ್ನಿಗೆ ಬಗ್ಗಿದ್ದವಳು ಬಗ್ಗಿಯೇ ಇದ್ದಳು.
ನೀರು ಹರಿಯುತ್ತಿತ್ತು.
"ಯಾವ ಗುಂಡಿ?"
ತುಸು ಹೊತ್ತಿಗೆ, ಟವೆಲಿನೊಳಗಿಂದ:
"ಶಾಂಪೂ ಕಣ್ಣಿಗೆ ಹೋಯಿತು."

ಅವಳು ಹೋಗುವಾಗ ತೊಟ್ಟ ಕೋಟಿಗೆ
ಇದ್ದದ್ದು ಜಿಪ್ಪು.

ವರದಿಯಲ್ಲಿ ಒಂದೇ ಪ್ರಶ್ನೆ: ಉಂಗುರದ ಗುರುತಿದೆಯೇ?
ಇಲ್ಲ. ನಿರಪರಾಧಿ.
ಗುಂಡಿಗೆ ಜಾಗವಿಲ್ಲ.

ಅದನ್ನು ನಾನು ಪರ್ತ್ ರಸ್ತೆಯ ದಾನದಂಗಡಿಯಲ್ಲಿ,
ಯಾರೋ ಕೊಟ್ಟುಹೋದ ಕಂದು ಕೋಟಿನಿಂದ
ಕಾಸು ಕೊಡದೆ ಕಿತ್ತು ತಂದದ್ದು, ಫೋಟೊಕ್ಕೆಂದು.
ಕೋಟಿನ ಜೇಬಿನಲ್ಲಿ ಹಳೇ ಈಜುಕೊಳದ
ಅರ್ಧ ಹರಿದ ಟಿಕೆಟಿತ್ತು. ಆಗ ಅದು ಬರೀ ಕಾಗದ.

ಗುಂಡಿ ಇಲ್ಲೇ ಇದೆ, ನನ್ನ ಮೇಜಿನ ಖಾನೆಯಲ್ಲಿ.
ನನ್ನ ನೆತ್ತಿಗೆ ಮಾತ್ರ
ಯಾರೂ ಟೋಪಿ ಹಾಕಿಲ್ಲ.